ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ನಿವಾಸಿಗಳ ಮೇಲಿನ ದೌರ್ಜನ್ಯ

ನರ್ಸಿಂಗ್ ಹೋಮ್ ದೌರ್ಜನ್ಯ ಎಂದರೆ ದೀರ್ಘಕಾಲದ ಆರೈಕೆಗಾಗಿ ವಸತಿ ಕೇಂದ್ರವೊಂದರಲ್ಲಿ ನೆಲೆಸಿರುವ ವೃದ್ಧರಿಗೆ ಅಥವಾ ಅಶಕ್ತರಿಗೆ ಅಲ್ಲಿನ ಸಿಬ್ಬಂದಿ, ಸಹನಿವಾಸಿಗಳು ಅಥವಾ ಆಡಳಿತ ವರ್ಗದಿಂದ ಉಂಟಾಗುವ ದೈಹಿಕ, ಮಾನಸಿಕ, ಲೈಂಗಿಕ ಅಥವಾ ಆರ್ಥಿಕ ಹಾನಿ. ಅಗತ್ಯವಾದ ಆಹಾರ, ನೀರು, ಔಷಧ, ಶುಚಿತ್ವ ಹಾಗೂ ಮೇಲ್ವಿಚಾರಣೆಯನ್ನು ಒದಗಿಸದಿರುವ ನಿರ್ಲಕ್ಷ್ಯವೂ ಇದೇ ವ್ಯಾಪ್ತಿಗೆ ಸೇರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸುಮಾರು 15 ಸಾವಿರ ನರ್ಸಿಂಗ್ ಹೋಮ್‌ಗಳಿದ್ದು, ಅವುಗಳಲ್ಲಿ 12 ಲಕ್ಷಕ್ಕೂ ಹೆಚ್ಚು ಜನರು ವಾಸಿಸುತ್ತಾರೆ. ಇವರ ಹಕ್ಕುಗಳನ್ನು 1987ರ ಒಕ್ಕೂಟ ಕಾನೂನು ವಿವರವಾಗಿ ನಿರೂಪಿಸಿದೆ. ಆದರೆ ನಿವಾಸಿಗಳಲ್ಲಿ ಅನೇಕರು ಮರೆವಿನ ಕಾಯಿಲೆಯಿಂದಲೋ ಪಾರ್ಶ್ವವಾಯುವಿನಿಂದಲೋ ತಮ್ಮ ನೋವನ್ನು ಹೇಳಿಕೊಳ್ಳಲಾರದ ಸ್ಥಿತಿಯಲ್ಲಿರುವುದರಿಂದ, ಈ ಹಕ್ಕುಗಳ ರಕ್ಷಣೆ ಬಹುಮಟ್ಟಿಗೆ ಕುಟುಂಬದವರು ಲಕ್ಷಣಗಳನ್ನು ಗುರುತಿಸಿ, ದಾಖಲಿಸಿ, ಸಕಾಲದಲ್ಲಿ ದೂರು ನೀಡುವುದನ್ನು ಅವಲಂಬಿಸಿದೆ.

ಪದದ ಅರ್ಥ

ಭಾರತದಲ್ಲಿ ನರ್ಸಿಂಗ್ ಹೋಮ್ ಎಂಬ ಪದವು ಸಾಮಾನ್ಯವಾಗಿ ಹೆರಿಗೆ, ಶಸ್ತ್ರಚಿಕಿತ್ಸೆ ಮೊದಲಾದವು ನಡೆಯುವ ಸಣ್ಣ ಖಾಸಗಿ ಆಸ್ಪತ್ರೆಯನ್ನು ಸೂಚಿಸುತ್ತದೆ. ಅಮೆರಿಕದಲ್ಲಿ ಇದರ ಅರ್ಥ ಬೇರೆ. ಅಲ್ಲಿ ಸ್ನಾನ, ಊಟ, ಓಡಾಟದಂತಹ ದೈನಂದಿನ ಕೆಲಸಗಳಿಗೂ ನೆರವು ಬೇಕಾದವರು ತಿಂಗಳುಗಟ್ಟಲೆ ಅಥವಾ ಜೀವನದ ಕೊನೆಯವರೆಗೆ ಉಳಿಯುವ, ಹಗಲು ರಾತ್ರಿ ಶುಶ್ರೂಷೆ ಲಭ್ಯವಿರುವ ಕೇಂದ್ರವನ್ನು ಹೀಗೆ ಕರೆಯುತ್ತಾರೆ. ಶುಶ್ರೂಷೆಯ ಪ್ರಮಾಣ ಕಡಿಮೆಯಿರುವ ನೆರವಿನ ವಸತಿಗೃಹಗಳು ಇದರಿಂದ ಭಿನ್ನವಾಗಿದ್ದು, ಅವು ಮುಖ್ಯವಾಗಿ ರಾಜ್ಯಗಳ ಕಾನೂನಿಗೆ ಒಳಪಡುತ್ತವೆ.

ಹಿನ್ನೆಲೆ

1965ರಲ್ಲಿ ಮೆಡಿಕೇರ್ ಮತ್ತು ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ಯೋಜನೆಗಳು ರೂಪುಗೊಂಡ ಮೇಲೆ ನರ್ಸಿಂಗ್ ಹೋಮ್‌ಗಳಿಗೆ ಸಾರ್ವಜನಿಕ ಹಣ ಹರಿದುಬರತೊಡಗಿತು. ಅದರೊಂದಿಗೆ ಅಲ್ಲಿನ ಆರೈಕೆಯ ಗುಣಮಟ್ಟದ ಬಗ್ಗೆ ದೂರುಗಳೂ ಹೆಚ್ಚಿದವು. ನಿವಾಸಿಗಳ ಪರವಾಗಿ ದೂರುಗಳನ್ನು ವಿಚಾರಿಸುವ ಒಂಬುಡ್ಸ್‌ಮನ್ ವ್ಯವಸ್ಥೆಯು 1972ರಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 1978ರ ತಿದ್ದುಪಡಿಯ ಮೂಲಕ ಅದನ್ನು ಪ್ರತಿಯೊಂದು ರಾಜ್ಯದಲ್ಲಿಯೂ ಕಡ್ಡಾಯಗೊಳಿಸಲಾಯಿತು.

1986ರಲ್ಲಿ ಅಲ್ಲಿನ ವೈದ್ಯಕೀಯ ಸಂಸ್ಥೆಯಾದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ನರ್ಸಿಂಗ್ ಹೋಮ್‌ಗಳ ಆರೈಕೆಯ ಕೊರತೆಗಳ ಕುರಿತು ವಿಸ್ತೃತ ವರದಿಯನ್ನು ಪ್ರಕಟಿಸಿತು. ಅದರ ಶಿಫಾರಸುಗಳನ್ನು ಆಧರಿಸಿ 1987ರ ಡಿಸೆಂಬರ್‌ನಲ್ಲಿ ನರ್ಸಿಂಗ್ ಹೋಮ್ ಸುಧಾರಣಾ ಕಾಯ್ದೆ ಜಾರಿಗೆ ಬಂದಿತು. ಮೆಡಿಕೇರ್ ಅಥವಾ ಮೆಡಿಕೇಡ್ ಹಣ ಪಡೆಯುವ ಎಲ್ಲ ಕೇಂದ್ರಗಳಿಗೂ ಇದು ಅನ್ವಯಿಸುತ್ತದೆ. ಪ್ರತಿಯೊಬ್ಬ ನಿವಾಸಿಯೂ ತನಗೆ ಸಾಧ್ಯವಾದ ಅತ್ಯುತ್ತಮ ದೈಹಿಕ, ಮಾನಸಿಕ ಹಾಗೂ ಸಾಮಾಜಿಕ ಸ್ಥಿತಿಯಲ್ಲಿರುವಂತೆ ಆರೈಕೆ ನೀಡಬೇಕೆಂಬುದು ಕಾಯ್ದೆಯ ಮೂಲ ಆಶಯ. ದೈಹಿಕ ಮತ್ತು ಮಾನಸಿಕ ಹಿಂಸೆ, ದೈಹಿಕ ಶಿಕ್ಷೆ, ಬಲವಂತದ ಏಕಾಂತವಾಸ ಇವುಗಳಿಂದ ಮುಕ್ತರಾಗಿರುವ ಹಕ್ಕನ್ನು ಅದು ನೀಡಿತು. ಶಿಸ್ತಿನ ಹೆಸರಿನಲ್ಲಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ನಿವಾಸಿಯನ್ನು ಕಟ್ಟಿಹಾಕುವುದನ್ನೂ ಔಷಧದಿಂದ ಮಂಕಾಗಿಸುವುದನ್ನೂ ನಿಷೇಧಿಸಿತು.

2010ರ ಹಿರಿಯರ ನ್ಯಾಯ ಕಾಯ್ದೆಯು ಇನ್ನೊಂದು ಹೊಣೆಯನ್ನು ಸೇರಿಸಿತು. ಅಪರಾಧ ನಡೆದಿರುವ ಸಂಶಯ ಬಂದರೆ ಸಿಬ್ಬಂದಿ ಅದನ್ನು ಪೊಲೀಸರಿಗೂ ರಾಜ್ಯದ ತಪಾಸಣಾ ಇಲಾಖೆಗೂ ತಿಳಿಸಬೇಕು. ಗಂಭೀರ ಗಾಯವಾಗಿದ್ದರೆ 2 ಗಂಟೆಗಳೊಳಗೆ, ಇಲ್ಲವಾದರೆ 24 ಗಂಟೆಗಳೊಳಗೆ ಈ ವರದಿ ಸಲ್ಲಿಕೆಯಾಗಬೇಕು.

ಪ್ರಕಾರಗಳು

- ದೈಹಿಕ ದೌರ್ಜನ್ಯ: ಹೊಡೆಯುವುದು, ತಳ್ಳುವುದು, ಒರಟಾಗಿ ಎತ್ತಿ ಇಳಿಸುವುದು, ಬಲವಂತವಾಗಿ ಉಣಿಸುವುದು, ಅಕಾರಣವಾಗಿ ಕಟ್ಟಿಹಾಕುವುದು.
- ಮಾನಸಿಕ ದೌರ್ಜನ್ಯ: ಬೈಗುಳ, ಬೆದರಿಕೆ, ಅವಮಾನ, ಮಾತನಾಡಿಸದೆ ದೂರವಿಡುವುದು, ನಿವಾಸಿಯ ಘನತೆಗೆ ಕುಂದು ತರುವ ಚಿತ್ರ ತೆಗೆದು ಹಂಚುವುದು.
- ಲೈಂಗಿಕ ದೌರ್ಜನ್ಯ: ಒಪ್ಪಿಗೆಯಿಲ್ಲದ ಅಥವಾ ಒಪ್ಪಿಗೆ ನೀಡುವ ಸಾಮರ್ಥ್ಯವಿಲ್ಲದವರೊಂದಿಗಿನ ಯಾವುದೇ ಲೈಂಗಿಕ ವರ್ತನೆ.
- ಆರ್ಥಿಕ ಶೋಷಣೆ: ಹಣ ಅಥವಾ ಆಭರಣಗಳ ಕಳವು, ಚೆಕ್‌ಗಳ ದುರ್ಬಳಕೆ, ಒತ್ತಡ ಹೇರಿ ಉಯಿಲು ಬದಲಾಯಿಸಿಕೊಳ್ಳುವುದು.
- ನಿರ್ಲಕ್ಷ್ಯ: ಉದ್ದೇಶವಿರಲಿ ಇಲ್ಲದಿರಲಿ, ಅಗತ್ಯ ಆರೈಕೆ ದೊರೆಯದೆ ಹಾನಿಯಾಗುವುದು.

ಕಾನೂನಿನ ದೃಷ್ಟಿಯಲ್ಲಿ ಕೊನೆಯದು ಬಹಳ ಮುಖ್ಯವಾದುದು. ಯಾರೂ ಕೈ ಎತ್ತದೆಯೂ ನಿವಾಸಿಯೊಬ್ಬರು ಸಾಯಬಹುದು. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಅಪ್ಪಳಿಸಿದಾಗ ಫ್ಲಾರಿಡಾ ರಾಜ್ಯದ ಹಾಲಿವುಡ್ ನಗರದ ನರ್ಸಿಂಗ್ ಹೋಮ್ ಒಂದರಲ್ಲಿ ಹವಾನಿಯಂತ್ರಣಕ್ಕೆ ವಿದ್ಯುತ್ ನಿಂತುಹೋಯಿತು. ರಸ್ತೆಯಾಚೆಗೇ ಆಸ್ಪತ್ರೆಯಿದ್ದರೂ ನಿವಾಸಿಗಳನ್ನು ಸಕಾಲದಲ್ಲಿ ಸ್ಥಳಾಂತರಿಸಲಿಲ್ಲ. ಅತಿಯಾದ ಸೆಕೆಯಿಂದ ಸಂಭವಿಸಿದ 12 ಸಾವುಗಳನ್ನು ಅಧಿಕಾರಿಗಳು ನರಹತ್ಯೆಗಳೆಂದು ವರ್ಗೀಕರಿಸಿದರು. ಮರುವರ್ಷ ಆ ರಾಜ್ಯವು ನರ್ಸಿಂಗ್ ಹೋಮ್‌ಗಳಲ್ಲಿ ಜನರೇಟರ್ ಹಾಗೂ 96 ಗಂಟೆಗಳಿಗೆ ಸಾಕಾಗುವ ಇಂಧನವನ್ನು ಕಡ್ಡಾಯಗೊಳಿಸಿತು.

ಗುರುತಿಸುವ ಲಕ್ಷಣಗಳು

ಯಾವುದೇ ಒಂದು ಲಕ್ಷಣವು ತಾನಾಗಿ ದೌರ್ಜನ್ಯವನ್ನು ಸಾಬೀತುಪಡಿಸುವುದಿಲ್ಲ. ಇಳಿವಯಸ್ಸಿನಲ್ಲಿ ಚರ್ಮ ತೆಳುವಾಗಿ ಸುಲಭವಾಗಿ ಕಂದುಗಟ್ಟುತ್ತದೆ. ರಕ್ತ ಹೆಪ್ಪುಗಟ್ಟದಂತೆ ನೀಡುವ ಔಷಧಗಳು ಇದನ್ನು ಹೆಚ್ಚಿಸುತ್ತವೆ. ಮೂಳೆಗಳು ಸಣ್ಣ ಬೀಳುವಿಕೆಗೂ ಮುರಿಯಬಹುದು. ಆದ್ದರಿಂದ ಗಾಯದ ಸ್ವರೂಪ, ಅದು ಮರುಕಳಿಸುವ ರೀತಿ ಮತ್ತು ಸಿಬ್ಬಂದಿ ನೀಡುವ ವಿವರಣೆ ಈ ಮೂರನ್ನೂ ಒಟ್ಟಿಗೆ ಪರಿಶೀಲಿಸಬೇಕಾಗುತ್ತದೆ.

ಹಾಸಿಗೆ ಹುಣ್ಣು

ದೇಹದ ಒಂದೇ ಭಾಗದ ಮೇಲೆ ದೀರ್ಘಕಾಲ ಒತ್ತಡ ಬಿದ್ದಾಗ ರಕ್ತಸಂಚಾರ ಕುಂಠಿತವಾಗಿ ಹಾಸಿಗೆ ಹುಣ್ಣು ಉಂಟಾಗುತ್ತದೆ. ಟೊಂಕದ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ ಮತ್ತು ಮೊಣಕೈಗಳಲ್ಲಿ ಇದು ಹೆಚ್ಚು. ವೈದ್ಯರು ಇದನ್ನು ನಾಲ್ಕು ಹಂತಗಳಲ್ಲಿ ಗುರುತಿಸುತ್ತಾರೆ: ಮೊದಲ ಹಂತದಲ್ಲಿ ಚರ್ಮ ಒಡೆಯದೆ ಕೆಂಪಾಗಿರುತ್ತದೆ, ನಾಲ್ಕನೆಯ ಹಂತದಲ್ಲಿ ಹುಣ್ಣು ಸ್ನಾಯು ಅಥವಾ ಮೂಳೆಯವರೆಗೆ ಇಳಿದಿರುತ್ತದೆ. ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದಲ್ಲಿ ಮೊದಲ ಹಂತದ ಕೆಂಪು ಸ್ಪಷ್ಟವಾಗಿ ಕಾಣದಿರಬಹುದು. ಅಂಥವರಲ್ಲಿ ಆ ಜಾಗವು ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿ, ಗಟ್ಟಿಯಾಗಿ ಅಥವಾ ನೋವಿನಿಂದ ಕೂಡಿದೆಯೇ ಎಂದು ಮುಟ್ಟಿ ನೋಡಬೇಕಾಗುತ್ತದೆ. ಮಗ್ಗುಲು ಬದಲಾಯಿಸುತ್ತ, ಚರ್ಮವನ್ನು ಒಣಗಿರಿಸಿ, ಸಾಕಷ್ಟು ಪೌಷ್ಟಿಕಾಂಶ ಒದಗಿಸಿದರೆ ಹೆಚ್ಚಿನ ಹುಣ್ಣುಗಳನ್ನು ತಡೆಯಬಹುದು. ಹೀಗಾಗಿ ಕೇಂದ್ರಕ್ಕೆ ಸೇರುವಾಗ ಇಲ್ಲದಿದ್ದ ಹುಣ್ಣು ಆಳವಾದ ಹಂತ ತಲುಪಿದ್ದರೆ ಅದು ನಿರ್ಲಕ್ಷ್ಯದ ಪ್ರಮುಖ ಸೂಚನೆಯೆನಿಸುತ್ತದೆ.

ಆಹಾರ, ನೀರು ಮತ್ತು ಶುಚಿತ್ವ

ಕಡಿಮೆ ಅವಧಿಯಲ್ಲಿ ತೂಕ ಇಳಿಯುವುದು, ಒಡೆದ ತುಟಿಗಳು, ಗಾಢ ಬಣ್ಣದ ಮೂತ್ರ, ಹಠಾತ್ತನೆ ಕಾಣಿಸುವ ಗೊಂದಲ ಇವು ನಿರ್ಜಲೀಕರಣ ಅಥವಾ ಅಪೌಷ್ಟಿಕತೆಯನ್ನು ಸೂಚಿಸಬಹುದು. ಊಟದ ತಟ್ಟೆ ಕೈಗೆಟುಕದಷ್ಟು ದೂರದಲ್ಲಿದ್ದು, ಸ್ವಲ್ಪ ಸಮಯದ ನಂತರ ಹಾಗೆಯೇ ತುಂಬಿದ ಸ್ಥಿತಿಯಲ್ಲಿ ಮರಳಿದರೆ ನಿವಾಸಿ ಉಣ್ಣಲು ನಿರಾಕರಿಸಿದರೆಂದು ದಾಖಲಾಗುವ ಸಾಧ್ಯತೆಯಿದೆ. ವಾಸ್ತವದಲ್ಲಿ ಅವರಿಗೆ ಉಣಿಸುವವರು ಇಲ್ಲದಿರಬಹುದು. ಒದ್ದೆಯಾದ ಹಾಸಿಗೆ, ಮೂತ್ರದ ವಾಸನೆ, ಬೆಳೆದ ಉಗುರು, ಕರೆಗಂಟೆ ಒತ್ತಿದ ಎಷ್ಟೋ ಹೊತ್ತಿನ ಬಳಿಕವೂ ಯಾರೂ ಬಾರದಿರುವುದು ಸಿಬ್ಬಂದಿಯ ಕೊರತೆಯ ಗುರುತುಗಳು.

ಗಾಯಗಳು

ಮೇಲ್ತೋಳಿನ ಎರಡೂ ಬದಿ ಬೆರಳಚ್ಚಿನ ಆಕಾರದ ಕಲೆಗಳು, ಮಣಿಕಟ್ಟಿನ ಸುತ್ತಲಿನ ಗೆರೆಗಳು, ಬೇರೆ ಬೇರೆ ದಿನಗಳಲ್ಲಿ ಆದವೆಂದು ತೋರುವ ಕಂದುಗಳು ಹಾಗೂ ಚಿಕಿತ್ಸೆಗೆ ಕರೆದೊಯ್ಯಲು ಆದ ವಿಳಂಬವು ಸಂಶಯಕ್ಕೆ ಎಡೆಮಾಡುತ್ತವೆ. ಜನನಾಂಗದ ಸುತ್ತ ಗಾಯ, ರಕ್ತದ ಕಲೆಯಾದ ಒಳಉಡುಪು ಅಥವಾ ಕಾರಣ ತಿಳಿಯದ ಲೈಂಗಿಕ ಸೋಂಕು ಕಂಡುಬಂದರೆ ಸ್ನಾನ ಮಾಡಿಸುವ ಮುನ್ನವೇ ಆಸ್ಪತ್ರೆಯಲ್ಲಿ ಪರೀಕ್ಷೆ ನಡೆಯುವುದು ಸಾಕ್ಷ್ಯ ಸಂರಕ್ಷಣೆಯ ದೃಷ್ಟಿಯಿಂದ ಅಗತ್ಯ.

ಔಷಧದ ದುರ್ಬಳಕೆ

ಎಂದೂ ಚುರುಕಾಗಿದ್ದವರು ಸದಾ ತೂಕಡಿಸುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ನಡೆಯಲಾರದಂತಾಗುವುದು ರೋಗದ ಬೆಳವಣಿಗೆಯಿಂದ ಆಗಬಹುದು. ಮಂಕು ಕವಿಸುವ ಔಷಧದಿಂದಲೂ ಆಗಬಹುದು. ಮನೋವಿಕೃತಿಗೆ ನೀಡುವ ಔಷಧಗಳು ಮರೆವಿನ ಕಾಯಿಲೆಯಿರುವ ವೃದ್ಧರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2005ರಲ್ಲಿ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ನೀಡಿತು. ಔಷಧಗಳ ಪೂರ್ಣ ಪಟ್ಟಿಯನ್ನೂ ಪ್ರತಿಯೊಂದನ್ನು ಆರಂಭಿಸಿದ ದಿನಾಂಕ ಹಾಗೂ ಕಾರಣವನ್ನೂ ಕೇಳಿ ಪಡೆಯುವ ಹಕ್ಕು ನಿವಾಸಿಗೆ ಮತ್ತು ಅವರ ಅಧಿಕೃತ ಪ್ರತಿನಿಧಿಗೆ ಇದೆ.

ನಡವಳಿಕೆ

ಒಬ್ಬ ನಿರ್ದಿಷ್ಟ ಸಿಬ್ಬಂದಿ ಒಳಬಂದೊಡನೆ ಮುದುಡಿಕೊಳ್ಳುವುದು, ಮುಟ್ಟಿದರೆ ಬೆಚ್ಚುವುದು, ಮಾತು ನಿಲ್ಲಿಸುವುದು, ಅಳು, ನಿದ್ರಾಹೀನತೆ ಇವು ಮಾತಿಗಿಂತ ಮೊದಲು ಕಾಣುವ ಲಕ್ಷಣಗಳು. ಭೇಟಿಯ ವೇಳೆ ಸಿಬ್ಬಂದಿ ಪಕ್ಕದಿಂದ ಕದಲದಿರುವುದೂ ಗಮನಾರ್ಹ. ಮರೆವಿನ ಕಾಯಿಲೆ ಬೆಳೆದಂತೆ ನಂತರ ಕಲಿತ ಭಾಷೆ ಮಾಸಿ ಮಾತೃಭಾಷೆ ಮಾತ್ರ ಉಳಿಯುವುದುಂಟು. ಮಕ್ಕಳೊಂದಿಗೆ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ಹಿರಿಯರ ವಿಷಯದಲ್ಲಿ ಇದು ಮಹತ್ವದ್ದು. ಕನ್ನಡದಲ್ಲಿ ನೀರು ಕೇಳಿದ್ದನ್ನೋ ನೋವು ಎಂದದ್ದನ್ನೋ ಸಿಬ್ಬಂದಿ ಅರ್ಥವಿಲ್ಲದ ಗಲಾಟೆಯೆಂದು ಬರೆದಿಟ್ಟುಕೊಳ್ಳಬಹುದು. ನಿವಾಸಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ನೀಡಬೇಕೆಂದು ಒಕ್ಕೂಟ ನಿಯಮಗಳು ಹೇಳುತ್ತವೆ.

ಕಾರಣಗಳು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಆರೈಕೆ ಕೇಂದ್ರಗಳ ಸಿಬ್ಬಂದಿಯಲ್ಲಿ ಮೂವರಲ್ಲಿ ಇಬ್ಬರು ಹಿಂದಿನ ಒಂದು ವರ್ಷದಲ್ಲಿ ಯಾವುದಾದರೊಂದು ರೀತಿಯ ದೌರ್ಜನ್ಯ ಎಸಗಿರುವುದಾಗಿ ಒಪ್ಪಿಕೊಂಡಿದ್ದಾರೆ. ಕೆಲವೇ ದುಷ್ಟ ವ್ಯಕ್ತಿಗಳಿಂದ ಆಗುವ ಸಮಸ್ಯೆ ಇದಲ್ಲವೆಂಬುದನ್ನು ಈ ಪ್ರಮಾಣ ತೋರಿಸುತ್ತದೆ. ನೇರ ಆರೈಕೆಯ ಹೆಚ್ಚಿನ ಭಾರವನ್ನು ಹೊರುವವರು ಸಹಾಯಕ ದಾದಿಯರು. ಇವರಿಗೆ ಒಕ್ಕೂಟ ಕಾನೂನು ನಿಗದಿಪಡಿಸಿರುವ ಕನಿಷ್ಠ ತರಬೇತಿ 75 ಗಂಟೆಗಳು ಮಾತ್ರ. ಕಡಿಮೆ ವೇತನ, ಪದೇ ಪದೇ ಕೆಲಸ ಬಿಡುವ ನೌಕರರು, ಒಬ್ಬರ ಪಾಲಿಗೆ ಬೀಳುವ ಹೆಚ್ಚು ನಿವಾಸಿಗಳು ಮತ್ತು ಲಾಭಕ್ಕಾಗಿ ವೆಚ್ಚ ಕಡಿತಗೊಳಿಸುವ ಒಡೆತನವು ನಿರ್ಲಕ್ಷ್ಯಕ್ಕೆ ದಾರಿಮಾಡುತ್ತವೆ. ಪ್ರತಿ ನಿವಾಸಿಗೆ ದಿನಕ್ಕೆ ಕನಿಷ್ಠ 3.48 ಗಂಟೆಗಳ ಶುಶ್ರೂಷೆ ದೊರೆಯಬೇಕೆಂಬ ಒಕ್ಕೂಟ ನಿಯಮವನ್ನು 2024ರಲ್ಲಿ ಹೊರಡಿಸಲಾಯಿತು. ಆದರೆ 2025ರ ಏಪ್ರಿಲ್‌ನಲ್ಲಿ ಟೆಕ್ಸಸ್‌ನ ಒಕ್ಕೂಟ ನ್ಯಾಯಾಲಯವೊಂದು ಅದನ್ನು ರದ್ದುಪಡಿಸಿತು.

ದಾಖಲೆ ಮತ್ತು ದೂರು

ನಿವಾಸಿಗೆ ತಕ್ಷಣದ ಅಪಾಯವಿದ್ದರೆ 911 ಸಂಖ್ಯೆಗೆ ಕರೆ ಮಾಡುವುದು ಮೊದಲ ಹೆಜ್ಜೆ. ಉಳಿದ ಸಂದರ್ಭಗಳಲ್ಲಿ ಸಾಕ್ಷ್ಯವನ್ನು ಉಳಿಸಿಕೊಳ್ಳುವುದು ಮುಖ್ಯವಾಗುತ್ತದೆ. ಗಾಯದ ಛಾಯಾಚಿತ್ರಗಳು, ಭೇಟಿಯ ದಿನಾಂಕ ಮತ್ತು ಸಮಯ, ಕರ್ತವ್ಯದಲ್ಲಿದ್ದವರ ಹೆಸರು, ನಿವಾಸಿ ಆಡಿದ ಮಾತುಗಳು ಇವನ್ನು ಅಂದೇ ಬರೆದಿಟ್ಟ ಟಿಪ್ಪಣಿಗೆ ವಿಚಾರಣೆಯಲ್ಲಿ ಹೆಚ್ಚಿನ ಬೆಲೆಯಿರುತ್ತದೆ. ನಿವಾಸಿಯು ತನ್ನ ದಾಖಲೆಗಳನ್ನು ಕೇಳಿದ 24 ಗಂಟೆಗಳೊಳಗೆ ನೋಡಲು ಅವಕಾಶ ನೀಡಬೇಕು. ನಕಲುಗಳನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ವಾರಾಂತ್ಯ ಮತ್ತು ರಜಾದಿನಗಳು ಈ 24 ಗಂಟೆಗಳ ಲೆಕ್ಕಕ್ಕೆ ಸೇರುವುದಿಲ್ಲ. ಟೆಕ್ಸಸ್, ಇಲಿನಾಯ್, ಒಹಾಯೊ ಮೊದಲಾದ ರಾಜ್ಯಗಳಲ್ಲಿ ನಿಗದಿತ ಷರತ್ತುಗಳಿಗೆ ಒಳಪಟ್ಟು ನಿವಾಸಿಯ ಕೊಠಡಿಯಲ್ಲಿ ಕ್ಯಾಮೆರಾ ಅಳವಡಿಸಬಹುದು. ಇತರ ರಾಜ್ಯಗಳಲ್ಲಿ ನಿಯಮಗಳು ಭಿನ್ನವಾಗಿವೆ.

ದೂರು ನೀಡಬಹುದಾದ ಸಂಸ್ಥೆಗಳು ಹೀಗಿವೆ:

- ಕೇಂದ್ರದ ಆಡಳಿತ: ಆರೋಪ ಬಂದೊಡನೆ ಆಡಳಿತವು ರಾಜ್ಯದ ತಪಾಸಣಾ ಇಲಾಖೆಗೆ ತಿಳಿಸಬೇಕು. ದೌರ್ಜನ್ಯದ ಆರೋಪವಿದ್ದರೆ ಅಥವಾ ಗಂಭೀರ ಗಾಯವಾಗಿದ್ದರೆ ಅದಕ್ಕಿರುವ ಗಡುವು 2 ಗಂಟೆ. ತನಿಖೆಯ ಫಲಿತಾಂಶವನ್ನು ಐದು ಕೆಲಸದ ದಿನಗಳಲ್ಲಿ ಸಲ್ಲಿಸಬೇಕು.
- ದೀರ್ಘಕಾಲೀನ ಆರೈಕೆಯ ಒಂಬುಡ್ಸ್‌ಮನ್: ಉಚಿತವಾಗಿ, ಗೋಪ್ಯತೆ ಕಾಪಾಡಿಕೊಂಡು ನಿವಾಸಿಯ ಪರವಾಗಿ ಮಾತನಾಡುವ ಸಂಸ್ಥೆ. ದಂಡ ವಿಧಿಸುವ ಅಧಿಕಾರ ಇದಕ್ಕಿಲ್ಲ.
- ರಾಜ್ಯದ ತಪಾಸಣಾ ಇಲಾಖೆ: ಮುನ್ಸೂಚನೆಯಿಲ್ಲದೆ ತಪಾಸಣೆ ನಡೆಸಿ, ಲೋಪ ಕಂಡುಬಂದರೆ ಕ್ರಮಕ್ಕೆ ಶಿಫಾರಸು ಮಾಡುತ್ತದೆ. ದಂಡ, ಹೊಸ ನಿವಾಸಿಗಳಿಗೆ ಸರ್ಕಾರಿ ಪಾವತಿ ತಡೆಯುವುದು ಹಾಗೂ ಮಾನ್ಯತೆ ರದ್ದತಿ ಇಂತಹ ಕ್ರಮಗಳು.
- ವಯಸ್ಕರ ರಕ್ಷಣಾ ಸೇವೆ: ಎಲ್ಲ ರಾಜ್ಯಗಳಲ್ಲಿಯೂ ಇದೆಯಾದರೂ ನರ್ಸಿಂಗ್ ಹೋಮ್‌ಗಳ ಮೇಲಿನ ಇದರ ಅಧಿಕಾರ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ.
- ಮೆಡಿಕೇಡ್ ವಂಚನೆ ನಿಯಂತ್ರಣ ಘಟಕ: ಕೇಂದ್ರಗಳಲ್ಲಿನ ದೌರ್ಜನ್ಯ ಮತ್ತು ನಿರ್ಲಕ್ಷ್ಯದ ಪ್ರಕರಣಗಳನ್ನು ತನಿಖೆ ಮಾಡಿ ಮೊಕದ್ದಮೆ ಹೂಡುತ್ತದೆ.

ದೂರು ಕೊಟ್ಟರೆ ಹೆತ್ತವರಿಗೇ ತೊಂದರೆಯಾದೀತೆಂಬ ಭಯದಿಂದ ಅನೇಕ ಕುಟುಂಬಗಳು ಸುಮ್ಮನಿರುತ್ತವೆ. ದೂರಿಗೆ ಪ್ರತೀಕಾರ ತೀರಿಸುವುದು ಒಕ್ಕೂಟ ಕಾನೂನಿನಡಿ ನಿಷಿದ್ಧ. ನಿವಾಸಿಯನ್ನು ಇಷ್ಟಬಂದಂತೆ ಹೊರಹಾಕುವಂತೆಯೂ ಇಲ್ಲ. ಶುಲ್ಕ ಬಾಕಿ, ಇತರರ ಸುರಕ್ಷತೆ, ಕೇಂದ್ರದ ಮುಚ್ಚುವಿಕೆಯಂತಹ ಸೀಮಿತ ಕಾರಣಗಳಿಗೆ ಮಾತ್ರ ಹೊರಕಳುಹಿಸಬಹುದು. ಸಾಮಾನ್ಯವಾಗಿ 30 ದಿನಗಳ ಲಿಖಿತ ಸೂಚನೆ ಕೊಡಬೇಕು ಮತ್ತು ಅದರ ವಿರುದ್ಧ ಮೇಲ್ಮನವಿಗೆ ಅವಕಾಶವಿದೆ.

ಕುಟುಂಬದವರಿಗಿರುವ ಕಾನೂನು ಮಾರ್ಗಗಳು

ನಷ್ಟ ಪರಿಹಾರದ ದಾವೆ

ತಪಾಸಣಾ ಇಲಾಖೆ ವಿಧಿಸುವ ದಂಡ ಸರ್ಕಾರಕ್ಕೆ ಸೇರುತ್ತದೆಯೇ ಹೊರತು ನಿವಾಸಿಗಲ್ಲ. ಪರಿಹಾರಕ್ಕಾಗಿ ಸಿವಿಲ್ ದಾವೆ ಹೂಡಬೇಕಾಗುತ್ತದೆ. ಕೇಂದ್ರಕ್ಕೆ ಆರೈಕೆಯ ಹೊಣೆಯಿತ್ತು, ಅದರಲ್ಲಿ ಲೋಪವಾಯಿತು, ಆ ಲೋಪದಿಂದಲೇ ಹಾನಿಯಾಯಿತು ಎಂಬುದನ್ನು ಸಾಬೀತುಪಡಿಸುವುದು ಇದರ ತಿರುಳು. ವೈದ್ಯಕೀಯ ವೆಚ್ಚ, ನೋವು ಮತ್ತು ಯಾತನೆ ಇವುಗಳಿಗೆ ಪರಿಹಾರ ಕೇಳಬಹುದು. ಉದ್ದೇಶಪೂರ್ವಕ ಅಥವಾ ಅತಿ ಬೇಜವಾಬ್ದಾರಿಯ ಕೃತ್ಯಗಳಲ್ಲಿ ದಂಡರೂಪದ ಪರಿಹಾರವನ್ನೂ ನ್ಯಾಯಾಲಯ ವಿಧಿಸಬಹುದು. ಕೆಲವು ರಾಜ್ಯಗಳಲ್ಲಿ ಪ್ರತ್ಯೇಕ ಕಾನೂನುಗಳಿವೆ. ಉದಾಹರಣೆಗೆ, ಕ್ಯಾಲಿಫೋರ್ನಿಯಾದಲ್ಲಿ 65 ವರ್ಷ ಮೀರಿದವರ ಮೇಲಿನ ಗಂಭೀರ ನಿರ್ಲಕ್ಷ್ಯ ಸ್ಪಷ್ಟ ಸಾಕ್ಷ್ಯದಿಂದ ರುಜುವಾತಾದರೆ ವಕೀಲರ ಶುಲ್ಕವನ್ನೂ ಪ್ರತಿವಾದಿಯೇ ಭರಿಸಬೇಕಾಗುತ್ತದೆ. ಇಂತಹ ಪ್ರಕರಣಗಳಲ್ಲಿ ವಕೀಲರು ಮುಂಗಡ ಶುಲ್ಕವಿಲ್ಲದೆ, ದೊರೆಯುವ ಪರಿಹಾರದಲ್ಲಿ ಪಾಲು ಪಡೆಯುವ ಕರಾರಿನ ಮೇಲೆ ಕೆಲಸ ಮಾಡುವುದು ಸಾಮಾನ್ಯ.

ದಾವೆ ಹೂಡುವ ಅಧಿಕಾರ ನಿವಾಸಿಯದು. ಅವರು ಅಸಮರ್ಥರಾಗಿದ್ದರೆ ಅಧಿಕಾರಪತ್ರ ಪಡೆದವರು ಅಥವಾ ನ್ಯಾಯಾಲಯ ನೇಮಿಸಿದ ಪಾಲಕರು ಅವರ ಪರವಾಗಿ ಹೂಡಬಹುದು. ಅಧಿಕಾರಪತ್ರವು ನಿವಾಸಿಯ ಮರಣದೊಂದಿಗೆ ಕೊನೆಗೊಳ್ಳುತ್ತದೆ. ಅನಂತರ ಆಸ್ತಿಯ ಅಧಿಕೃತ ಪ್ರತಿನಿಧಿಯಾಗಿ ನೇಮಕಗೊಂಡವರು ಮುಂದುವರಿಸಬೇಕಾಗುತ್ತದೆ. ಮಗ ಅಥವಾ ಮಗಳು ಎಂಬ ಸಂಬಂಧವೊಂದರಿಂದಲೇ ಈ ಅಧಿಕಾರ ತಾನಾಗಿ ದೊರೆಯುವುದಿಲ್ಲ. ಕಾಲಮಿತಿ ರಾಜ್ಯಗಳಿಗನುಗುಣವಾಗಿ ಬದಲಾಗುತ್ತದೆ. ಕೆಲವೆಡೆ ಅದು ಒಂದು ಅಥವಾ ಎರಡು ವರ್ಷಗಳಷ್ಟೇ ಇರುವುದರಿಂದ ಸರ್ಕಾರಿ ತನಿಖೆ ಮುಗಿಯಲೆಂದು ಕಾಯುತ್ತ ಕುಳಿತವರು ಹಕ್ಕನ್ನೇ ಕಳೆದುಕೊಳ್ಳಬಹುದು.

ಮಧ್ಯಸ್ಥಿಕೆ ಒಪ್ಪಂದ

ಕೇಂದ್ರಕ್ಕೆ ಸೇರಿಸುವಾಗ ಸಹಿ ಹಾಕಿಸುವ ಕಾಗದಗಳ ನಡುವೆ, ಮುಂದೆ ವಿವಾದ ಬಂದರೆ ನ್ಯಾಯಾಲಯದ ಬದಲು ಖಾಸಗಿ ಮಧ್ಯಸ್ಥಗಾರರ ತೀರ್ಪಿಗೆ ಒಪ್ಪುವುದಾಗಿ ಹೇಳುವ ಪತ್ರವೂ ಇರುವುದುಂಟು. ಸಹಿ ಮಾಡಿದರೆ ಜ್ಯೂರಿಯ ಮುಂದೆ ವಿಚಾರಣೆ ಪಡೆಯುವ ಹಕ್ಕು ಕೈತಪ್ಪುತ್ತದೆ. 2019ರ ಒಕ್ಕೂಟ ನಿಯಮದ ಪ್ರಕಾರ ಈ ಸಹಿಯನ್ನು ಪ್ರವೇಶಕ್ಕೆ ಷರತ್ತಾಗಿ ಕೇಳುವಂತಿಲ್ಲ. ಒಪ್ಪಂದವನ್ನು ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಸಹಿ ಮಾಡಿದ 30 ದಿನಗಳೊಳಗೆ ಅದನ್ನು ಹಿಂಪಡೆಯಬಹುದು.

ಟಲೆವ್‌ಸ್ಕಿ ಪ್ರಕರಣ

1987ರ ಕಾಯ್ದೆಯ ಹಕ್ಕುಗಳು ಉಲ್ಲಂಘನೆಯಾದರೆ ನಿವಾಸಿಯೇ ನೇರವಾಗಿ ಒಕ್ಕೂಟ ನ್ಯಾಯಾಲಯಕ್ಕೆ ಹೋಗಬಹುದೇ ಎಂಬ ಪ್ರಶ್ನೆ ಬಹುಕಾಲ ಇತ್ಯರ್ಥವಾಗಿರಲಿಲ್ಲ. ಇಂಡಿಯಾನಾ ರಾಜ್ಯದಲ್ಲಿ ಸರ್ಕಾರಿ ಒಡೆತನದ ನರ್ಸಿಂಗ್ ಹೋಮ್‌ಗೆ 2016ರಲ್ಲಿ ಸೇರಿದ ಮರೆವಿನ ಕಾಯಿಲೆಯ ವೃದ್ಧರೊಬ್ಬರ ಸ್ಥಿತಿ ಬೇಗನೆ ಹದಗೆಟ್ಟಿತು. ಅವರಿಗೆ ಆರು ಪ್ರಬಲ ಮನೋಔಷಧಗಳನ್ನು ನೀಡಲಾಗುತ್ತಿತ್ತು, ಕುಟುಂಬಕ್ಕೆ ಸೂಚನೆ ನೀಡದೆ ದೂರದ ಕೇಂದ್ರಕ್ಕೆ ಸಾಗಿಸಲು ಯತ್ನಿಸಲಾಯಿತು ಎಂದು ಕುಟುಂಬವು ದಾವೆಯಲ್ಲಿ ಆರೋಪಿಸಿತು. ವಿಚಾರಣೆಯ ನಡುವೆಯೇ ವೃದ್ಧರು ತೀರಿಕೊಂಡರು. 2023ರ ಜೂನ್ 8ರಂದು ಅಮೆರಿಕದ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಕುಟುಂಬದ ಪರವಾಗಿ ತೀರ್ಪು ನೀಡಿತು. ಅನಗತ್ಯ ಔಷಧಬಂಧನದಿಂದ ಮುಕ್ತರಾಗಿರುವ ಹಕ್ಕು ಮತ್ತು ವರ್ಗಾವಣೆಗೆ ಮುನ್ನ ಸೂಚನೆ ಪಡೆಯುವ ಹಕ್ಕು ನಾಗರಿಕ ಹಕ್ಕುಗಳ ಕಾನೂನಿನಡಿ ಜಾರಿಗೊಳಿಸಬಹುದಾದವು ಎಂದು ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜ್ಯಾಕ್ಸನ್ ಬಹುಮತದ ತೀರ್ಪಿನಲ್ಲಿ ಬರೆದರು. ಈ ಮಾರ್ಗವು ಸರ್ಕಾರಿ ಒಡೆತನದ ಕೇಂದ್ರಗಳಿಗೆ ಮಾತ್ರ ಅನ್ವಯಿಸುತ್ತದೆ. ಖಾಸಗಿ ಕೇಂದ್ರಗಳ ವಿರುದ್ಧ ರಾಜ್ಯ ಕಾನೂನುಗಳೇ ಮುಖ್ಯ ಆಧಾರ.

ಭಾರತದಲ್ಲಿನ ಸ್ಥಿತಿ

ಭಾರತದಲ್ಲಿ ಇದಕ್ಕೆ ಹತ್ತಿರದ ಸಂಸ್ಥೆ ವೃದ್ಧಾಶ್ರಮ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು ಮುಖ್ಯವಾಗಿ ಮಕ್ಕಳ ಹೊಣೆಯನ್ನು ಕುರಿತದ್ದು. ಹಿರಿಯರನ್ನು ತೊರೆದು ಹೋಗುವವರಿಗೆ ಅದು ಮೂರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಆರೈಕೆ ಕೇಂದ್ರದ ನಿವಾಸಿಗಳ ಹಕ್ಕುಗಳನ್ನು ಅಮೆರಿಕದ 1987ರ ಕಾಯ್ದೆಯಷ್ಟು ವಿವರವಾಗಿ ಅದು ಪಟ್ಟಿಮಾಡುವುದಿಲ್ಲ. ಆದ್ದರಿಂದ ಕೇಂದ್ರದ ವಿರುದ್ಧದ ದೂರುಗಳಿಗೆ ಬೇರೆ ಕಾನೂನುಗಳ ನೆರವು ಬೇಕಾಗುತ್ತದೆ. ಅಸಹಾಯಕ ವ್ಯಕ್ತಿಯ ಆರೈಕೆಗೆ ಕರಾರು ಮಾಡಿಕೊಂಡು ಸ್ವಇಚ್ಛೆಯಿಂದ ಅದನ್ನು ಕೈಬಿಡುವುದು ಭಾರತೀಯ ನ್ಯಾಯ ಸಂಹಿತೆಯ 357ನೆಯ ಕಲಮಿನಡಿ ಅಪರಾಧ. ಹಲ್ಲೆ, ಕಳವು ಮೊದಲಾದವಕ್ಕೆ ಅದೇ ಸಂಹಿತೆಯ ಇತರ ಕಲಮುಗಳು ಅನ್ವಯಿಸುತ್ತವೆ. ಶುಲ್ಕ ಪಡೆದು ನೀಡುವ ಸೇವೆಯಲ್ಲಿ ಕೊರತೆಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು. ಹಿರಿಯ ನಾಗರಿಕರಿಗಾಗಿರುವ ರಾಷ್ಟ್ರೀಯ ಸಹಾಯವಾಣಿ 14567 ಕರ್ನಾಟಕದಲ್ಲಿಯೂ ಲಭ್ಯವಿದೆ.